ಅಂಬವ್ವನ ಬರೆ

ಮುಂಬಯಿಯ ಮಲಾಡಿನ ನಮ್ಮ ಚಾಳಿನಲ್ಲಿ ಕಾಮಾಲೆಯಾದ ಮಗುವನ್ನು ಡಾಕ್ಟರಿಗಿಂತ ಮೊದಲು ಅಂಬವ್ವನ ಖೋಲಿಗೆ ಒಯ್ಯುತ್ತಿದ್ದರು. ವಿಜಾಪುರದ ಕಡೆಯ ಮುದುಕಿ. ಕಬ್ಬಿಣದ ಕಡ್ಡಿಯನ್ನು ಸ್ಟೋವಿನ ಮೇಲೆ ಕೆಂಪಗೆ ಕಾಯಿಸಿ, ಹೊಟ್ಟೆಯ ಮೇಲೆ ಬರೆ ಎಳೆಯುತ್ತಿದ್ದಳು. ಬರೆಯಿಂದ ವಾಸಿಯಾದವರೆಷ್ಟು, ತಾವಾಗಿಯೇ ವಾಸಿಯಾದವರೆಷ್ಟು, ಯಾರೂ ಕೇಳಲಿಲ್ಲ. ಪಕ್ಕದ ಖೋಲಿಯ ನಾನು ಮಾತ್ರ ಒಮ್ಮೆ ಕೇಳಿ ಬೈಸಿಕೊಂಡಿದ್ದೆ.

ಅಂಬವ್ವನ ಸೊಸೆ ರುದ್ರವ್ವನ ಕೆಳತುಟಿಯಲ್ಲಿ ಹುಟ್ಟಿನಿಂದ ಒಂದು ನೀಲಿ ಗಂಟು. ವರ್ಷವರ್ಷಕ್ಕೂ ಬೆಳೆದು ನೇರಳೆಹಣ್ಣಿನಷ್ಟಾಗಿತ್ತು. ಜೋಗೇಶ್ವರಿಯ ಪ್ಲಾಸ್ಟಿಕ್ ಕಾರ್ಖಾನೆಗೆ ಲೋಕಲ್ ರೈಲಿನ ಗದ್ದಲದಲ್ಲಿ ಹೋಗುವಾಗ ಯಾರದಾದರೂ ಮೊಣಕೈ ತಾಗಿದರೆ ಸಾಕು, ರಕ್ತ ನಿಲ್ಲುತ್ತಿರಲಿಲ್ಲ.

ತೊಂಬತ್ತೊಂದರ ಮಳೆಗಾಲದಲ್ಲಿ ನಾನೇ ಅತ್ತೆ-ಸೊಸೆಯನ್ನು ವಿಲೆ ಪಾರ್ಲೆಯ ಒಂದು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಮೈಸೂರಿನ ಶಾಮಲಾ ಡಾಕ್ಟರಿದ್ದರು. ಓದು ಬಾರದವರಿಗೆ ತಿಳಿಯಲೆಂದು ತೀರ ಸರಳವಾಗಿ ಹೇಳಿದರು:

"ಕುಯ್ಯೋದಿಲ್ಲಮ್ಮ. ಕೂದಲಿನಂಥ ತಂತಿ ಒಳಗೆ ಬಿಟ್ಟು, ಲೇಸರಿಂದ ಕೆಟ್ಟ ನರ ಸುಡ್ತೀವಿ. ಗಂಟು ಮುದುಡಿಹೋಗುತ್ತೆ. ಮೆಷಿನ್ ರಿಪೇರೀಲಿದೆ, ದೀಪಾವಳಿ ಆದಮೇಲೆ ಬನ್ನಿ."

ಅಂಬವ್ವ ದಾರಿಯುದ್ದಕ್ಕೂ ನಕ್ಕಳು. "ಸುಡೂದಷ್ಟ ಆದ್ರ ಪಾರ್ಲೇಕ್ಕ ಯಾಕ ಬರಬೇಕಿತ್ತು? ನನ್ನ ಕೈಗೇನ್ ಧಾಡಿ ಆಗೇತಿ?"

ನಾನು ಬೇಡವೆಂದೆ. ರುದ್ರವ್ವ ನನ್ನ ಮಾತು ಕೇಳಲಿಲ್ಲ. "ದೀಪಾವಳಿ ತನಕ ಈ ಗದ್ದಲದಾಗ ಹೆಂಗ ಓಡಾಡ್ಲಿ? ಅತ್ತಿ, ನೀವ ಸುಟ್ಟಬಿಡ್ರಿ" ಎಂದಳು. ಡಾಕ್ಟರೂ ಸುಡುವುದೇ, ಅತ್ತೆಯೂ ಸುಡುವುದೇ ಎಂದು ಇಬ್ಬರೂ ನಂಬಿಬಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ಚೀರಾಟ ಕೇಳಿ ಓಡಿದೆ. ಕಡ್ಡಿ ಕೆಳಗೆ ಬಿದ್ದಿತ್ತು. ಅಂಬವ್ವ ಸೊಸೆಯ ಬಾಯಿಗೆ ಸೀರೆ ಒತ್ತಿ ಹಿಡಿದಿದ್ದಳು, ಅದಾಗಲೇ ರಕ್ತದಲ್ಲಿ ತೊಯ್ದು ಹೋಗಿತ್ತು. ರಿಕ್ಷಾದಲ್ಲಿ ಪಾರ್ಲೆಗೆ ಒಯ್ದೆವು. ಗಂಟಿನ ಬೇರು ಕೆನ್ನೆಯೊಳಗಿಂದ ಗಂಟಲವರೆಗೂ ಹೋಗಿತ್ತಂತೆ. ಅದಕ್ಕೇ ಡಾಕ್ಟರಿಗೆ ಅಷ್ಟು ಸಣ್ಣ ತಂತಿ, ಅಷ್ಟು ಅಳತೆಯ ಬಿಸಿ ಬೇಕಾಗಿದ್ದು.

"ಯಾರು ಮಾಡಿದ್ದು ಇದು?" ಶಾಮಲಾ ಡಾಕ್ಟರ್ ಕಿರುಚಿದರು.

ಅಂಬವ್ವ ಗೋಡೆಗೆ ಅಂಟಿ ನಿಂತಳು. ರುದ್ರವ್ವ ಅತ್ತೆಯ ಮುಖ ನೋಡಿ, ರಕ್ತ ಉಗುಳಿ, ಹೇಗೋ ಹೇಳಿದಳು: "ನಾನ ಸುಟಗೊಂಡೆ ಡಾಕ್ಟರ ಬಾಯಾರ."

ಗಂಟಲು ಬಾತು ಉಸಿರು ಕಟ್ಟಿ, ಸಂಜೆಯೊಳಗೆ ಹೋಗಿಬಿಟ್ಟಳು.

ಸಾವಿನ ಮನೆಗೆ ಮಾತನಾಡಿಸಲು ಬಂದವರೆದುರು ಅಂಬವ್ವ ಬಾಯಿ ಬಿಡುತ್ತಾಳೆಂದು ಕಾದೆ. ಬಿಟ್ಟಳು. "ಹುಚ್ಚಿ ನನ್ನ ಸೊಸಿ, ತಾನ ಸುಟಗೊಂಡ್ಲು" ಎಂದು ಎದೆ ಬಡಿದುಕೊಂಡು ಅತ್ತಳು. ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಆ ಅಳು ಮಾತ್ರ ಸುಳ್ಳಾಗಿರಲಿಲ್ಲ.