ಖಂಡೇಪೂಜೆಯ ಮರುದಿನ ಏಳದ ಕಂಪ್ಯೂಟರ್

ನಮ್ಮ ಮನೆಯಲ್ಲಿ ಯಾವುದೇ ವಸ್ತು ಕೆಟ್ಟರೂ ‘ಏನಾಗಿದೆಯೋ ಗೊತ್ತಿಲ್ಲ’ ಎಂದು ಯಾರೂ ಹೇಳುವುದಿಲ್ಲ. ಹಾಗೆ ಹೇಳುವುದು ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಿದಷ್ಟೇ ಕೆಟ್ಟ ನಡತೆ. ಮಿಕ್ಸರ್ ನಿಂತರೂ, ನಲ್ಲಿ ಸೋರಿದರೂ ಎಲ್ಲರ ಬಳಿಯೂ ಒಂದೊಂದು ಕಾರಣ ಸಿದ್ಧವಿರುತ್ತದೆ. ರಿಪೇರಿ ಗೊತ್ತಿರುವವರು ಮಾತ್ರ ಯಾರೂ ಇಲ್ಲ.

ಆ ದಸರಾದ ಬೆಳಿಗ್ಗೆ ಅಕ್ಕ ಕಂಪ್ಯೂಟರಿನ ಬಟನ್ ಒತ್ತಿದಳು. ಪೆಟ್ಟಿಗೆಯೊಳಗಿನ ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಇನ್ನೇನು ಕಣ್ಣು ಬಿಡಬೇಕು ಅನ್ನುವಷ್ಟರಲ್ಲಿ ಟಕ್ ಎಂದು ಎಲ್ಲವೂ ಆರಿತು. ಮತ್ತೆ ಒತ್ತಿದಳು, ಮತ್ತೆ ಆರಿತು. ರಜೆಯ ದಿನ ನನ್ನನ್ನು ಎಬ್ಬಿಸಿದರೆ ನಾನೂ ಹೀಗೆಯೇ ಮಾಡುವುದರಿಂದ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಅಕ್ಕನಿಗೆ ಕಂಡಿತು. ಮರುದಿನ ಚಿಂಚೋಳಿಯ ಒಂದು ಖಾಸಗಿ ಶಾಲೆಯಲ್ಲಿ ಅವಳು ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ಬಿ.ಎಡ್. ಮುಗಿಸಿ ಮನೆಯಲ್ಲಿ ಕುಳಿತ ಮೇಲೆ ಬಂದ ಮೊದಲ ಕರೆ ಅದು. ವಿದ್ಯುತ್ ಮಂಡಲದ ಪಾಠಕ್ಕಾಗಿ ತಾನೇ ಚಿತ್ರ ಬರೆದು, ಸ್ವಿಚ್ ಹಾಕಿದರೆ ಬಲ್ಬು ಹತ್ತುವಂತೆ ಸ್ಲೈಡುಗಳನ್ನು ಮಾಡಿಕೊಂಡಿದ್ದಳು. ಎಲ್ಲವೂ ಆ ಪೆಟ್ಟಿಗೆಯಲ್ಲೇ ಇದ್ದವು. ಪೆನ್‌ಡ್ರೈವಿಗೆ ಹಾಕಿಕೊಳ್ಳುವ ಕೆಲಸವನ್ನು ‘ಖಂಡೇಪೂಜಿ ಆಗ್ಲಿ’ ಎಂದು ಮುಂದೂಡಿದ್ದಳು.

ಖಂಡೇಪೂಜೆ ಎಂದರೆ ನಮ್ಮ ಕಡೆಯ ಆಯುಧಪೂಜೆ. ಹಿಂದಿನ ದಿನ ಅವ್ವ ಈಳಿಗೆ, ಸುತ್ತಿಗೆ, ಇಕ್ಕಳ, ಸ್ಕ್ರೂಡ್ರೈವರ್ ಎಲ್ಲವನ್ನೂ ತೊಳೆದು ದೇವರ ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದಳು. ಒಮ್ಮೆ ಪೂಜೆಗೆ ಕುಳಿತ ಆಯುಧ ಮರುದಿನ ಸಂಜೆ ಬನ್ನಿ ಹಂಚಿ ಮುಗಿಯುವವರೆಗೆ ಏಳಬಾರದು. ಇದು ನಮ್ಮ ಮನೆಯ ಕಟ್ಟಳೆ. ಕಂಪ್ಯೂಟರನ್ನು ಜಗಲಿಗೆ ಎತ್ತಲಾಗದ್ದರಿಂದ ಶಹಾಬಾದ್ ಕಲ್ಲಿನ ಗಿಡ್ಡ ಕಟ್ಟೆಯ ಮೇಲೆ ಅದು ಇದ್ದಲ್ಲೇ ಅದಕ್ಕೂ ಪೂಜೆಯಾಗಿತ್ತು.

“ಪೂಜಿಗೆ ಕುಂತಿದ್ದನ್ನ ಎಬ್ಬಿಸಿದ್ರ ಇನ್ನೇನ್ ಆಗ್ತದ?” ಎಂದಳು ಅವ್ವ. “ಸಂಜೀತನಾ ತಡೀಲಿಕ್ಕೆ ಆಗಲಿಲ್ಲೇನು ನಿನಗ?”

“ನಾ ಎಬ್ಬಿಸಿಲ್ಲವ್ವಾ, ಬರೇ ಚಾಲು ಮಾಡೀನಿ.”

“ಎರಡೂ ಒಂದೇ.”

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. “ಧೂಳು,” ಎಂದರು. ಅವರು ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಜಗತ್ತಿನ ಎಲ್ಲ ತೊಂದರೆಗೂ ಅವರಲ್ಲಿ ಇದೊಂದೇ ಉತ್ತರ. ಅಕ್ಕನಿಗೆ ಹತ್ತನೇ ತರಗತಿಯ ಗಣಿತದಲ್ಲಿ ಅಂಕ ಕಡಿಮೆ ಬಂದಾಗಲೂ ಇದನ್ನೇ ಹೇಳಿದ್ದರು.

ನಾನು ತಕ್ಷಣ ಅಪ್ಪನ ಧ್ವನಿಯಲ್ಲಿ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, “ಧೂಳು” ಎಂದೆ. ಕಂಡವರನ್ನೆಲ್ಲ ಅಣಕಿಸುವ ಈ ವಿದ್ಯೆಯಿಂದ ನನಗೆ ಓಣಿಯಲ್ಲಿ ಸಾಕಷ್ಟು ಹೆಸರಿದೆ. ಕೆಲವು ಮನೆಗಳಿಗೆ ಪ್ರವೇಶವಿಲ್ಲ.

ಮಧ್ಯಾಹ್ನ ವಾಡಿಯಿಂದ ಅಪ್ಪನ ತಮ್ಮ ಕಾಕಾ ಬಂದರು. ಅವರು ರೈಲ್ವೆಯವರು. ಸಂಜೆ ಡ್ಯೂಟಿ ಇದ್ದುದರಿಂದ ಬನ್ನಿ ಕೊಡಲು ಊರಿಗಿಂತ ಮೊದಲೇ ಹೊರಟಿದ್ದರು. “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದು ಎಲ್ಲರ ಕೈಗೂ ಎರಡೆರಡು ಎಲೆ ಇಟ್ಟರು. ಅಕ್ಕನ ಮುಖ ಬಂಗಾರದ ಹಾಗೆ ಇರಲಿಲ್ಲ. ಕಾರಣ ಕೇಳಿ, ಕಂಪ್ಯೂಟರಿನ ಮುಂದೆ ಕುಳಿತು, ಒಮ್ಮೆ ಬಟನ್ ಒತ್ತಿ, ಅದು ಆರುವುದನ್ನು ಕಣ್ಣಾರೆ ನೋಡಿದರು.

“ಇಂಜಿನ್ ಚಲೋ ಅದ. ಬ್ರೇಕ್ ಜಾಮ್ ಆಗ್ಯಾದ.”

“ಕಂಪ್ಯೂಟರಿಗಿ ಬ್ರೇಕ್ ಎಲ್ಲಿ ಇರ್ತಾವ್ರಿ ಕಾಕಾ?” ಎಂದೆ.

“ಚಾಲು ಆಗೋದು ಅಂದ ಮ್ಯಾಲ ನಿಂದ್ರಸೋದೂ ಇರಬೇಕಲ್ಲೋ ಮಂಗ್ಯಾ.”

ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರು ನಮ್ಮ ಅತ್ತೆಯ ಮಂಡಿನೋವಿಗೂ ಬ್ರೇಕನ್ನೇ ದೂರಿದವರು.

ಕೊನೆಗೆ ನಾನು ಶಹಾಬಾದಿನ ಕಂಪ್ಯೂಟರ್ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. ಈ ಪೆಟ್ಟಿಗೆಯನ್ನು ಜೋಡಿಸಿ ಕೊಟ್ಟವನು ಅವನೇ.

“ಇವತ್ತ ದುಕಾನ್ ಬಂದ್ ಅದರಿ,” ಎಂದ. “ನನ್ನ ಸಾಮಾನೆಲ್ಲಾ ಪೂಜಿಗೆ ಕುಂತಾವ, ಮುಟ್ಟಂಗಿಲ್ಲ. ಫೋನ್‌ನ್ಯಾಗೇ ಹೇಳ್ರಿ. ಆವಾಜ್ ಹೆಂಗ ಬರ್ಲಾಕತ್ತದ?”

ಇಂಥದೊಂದು ಪ್ರಶ್ನೆಗಾಗಿ ನಾನು ಹುಟ್ಟಿದಾಗಿನಿಂದ ಕಾಯುತ್ತಿದ್ದೆ. ಗಂಟಲು ಸರಿ ಮಾಡಿಕೊಂಡೆ. ಫ್ಯಾನಿಗೆ ‘ಗುಂಯ್ಯ್’ ಎಂದೆ. ಒಳಗಿನ ಡಿಸ್ಕಿಗೆ ನಾಲಗೆ ಮಡಿಚಿ ‘ಕರ್‌ಕರ್’ ಎಂದೆ. ಕೊನೆಗೆ ‘ಪೀಂಂಂ’ ಎಂದು ಎಳೆದು ನಿಲ್ಲಿಸಿದೆ. ಕಾಕಾ ತಲೆದೂಗಿದರು.

“ಆ ಪೀಂ ಉದ್ದ ಬರ್ಲಾಕತ್ತದೋ, ಗಿಡ್ಡೋ?”

“ಉದ್ದ.”

“ಇನ್ನೊಮ್ಮಿ ಮಾಡ್ರಿ.”

ಮಾಡಿದೆ. ಎರಡನೆಯ ಸಲ ಇನ್ನೂ ಚೆನ್ನಾಗಿ ಬಂತು.

“ಹಾಂ. ರ್‍ಯಾಮ್ ಲೂಸ್ ಆಗ್ಯಾದ. ಒಳಗ ಹಸರು ಪಟ್ಟಿ ಇರ್ತದ, ವಾಯರ್ ಕಿತ್ತು ಆಮ್ಯಾಲ ಅದನ್ನ ತೆಗೀರಿ, ರಬ್ಬರಿಲೆ ತಿಕ್ರಿ, ಮತ್ತ ಕುಂದ್ರಸ್ರಿ.”

ಪೆಟ್ಟಿಗೆ ತೆರೆಯಲು ಸ್ಕ್ರೂಡ್ರೈವರ್ ಬೇಕು. ಸ್ಕ್ರೂಡ್ರೈವರ್ ಜಗಲಿಯ ಮೇಲೆ ಚೆಂಡುಹೂ ಮುಡಿದು ಕುಳಿತಿತ್ತು. ಅಕ್ಕ ಅದರ ಕಡೆ ನೋಡಿದಳು. ಅವ್ವ ಅಕ್ಕನ ಕಡೆ ನೋಡಿದಳು. ಕಾಕಾ ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು, ಅದರ ಅಂಚನ್ನು ಸ್ಕ್ರೂವಿನ ಸೀಳಿಗೆ ಹಚ್ಚಿ ತಿರುಗಿಸತೊಡಗಿದರು. ನಾಣ್ಯಕ್ಕೆ ಪೂಜೆ ದೀಪಾವಳಿಗೆ. ಆ ದಿನ ಅದಕ್ಕೆ ಬಿಡುವಿತ್ತು.

ಒಳಗೆ ನೋಡಿದರೆ ಅಪ್ಪ ಹೇಳಿದ ಧೂಳು ಬೇಕಾದಷ್ಟಿತ್ತು. ಅಪ್ಪ ಎದ್ದು ಬಂದು, ಅದನ್ನು ನೋಡಿ, ಮತ್ತೆ ಹೋಗಿ ಪೇಪರ್ ಹಿಡಿದರು. ನಾವು ಧೂಳು ಊದಿದೆವು. ಅಕ್ಕ ತನ್ನ ಚಿತ್ರ ಅಳಿಸುವ ರಬ್ಬರಿನಿಂದ ಆ ಪಟ್ಟಿಯನ್ನು ಮಗುವಿನ ಹಲ್ಲು ಉಜ್ಜುವ ಹಾಗೆ ತಿಕ್ಕಿ ಕೂರಿಸಿದಳು. ವಾಯರ್ ಹಾಕಿ ಬಟನ್ ಒತ್ತಿದಳು. ಗುಂಯ್. ಟಕ್.

ಅಕ್ಕ ನನ್ನ ಕಡೆ ತಿರುಗಿದಳು.

“ಆ ಪೀಂ ಅನ್ನೋದು ಯಾವಾಗ ಬಂತೋ? ನನಗ ಒಮ್ಮಿನೂ ಕೇಳಿಸಿಲ್ಲ.”

“ಅದು ನಂದು.”

“ನಂದು ಅಂದ್ರ?”

“ಟಕ್ ಅಂತ ನಿಂತ್ರ ಮಜಾ ಬರಲ್ಲ. ಅದಕ್ಕ ಕಡೀಕ ಒಂದು ಹಾಕ್ದೆ.”

ಅವಳು ಬೈದಿದ್ದರೆ ನಾನು ಅದನ್ನೂ ಅಣಕಿಸುತ್ತಿದ್ದೆ. ಬೈಯಲಿಲ್ಲ. ಕೈಯಲ್ಲಿದ್ದ ರಬ್ಬರನ್ನು ಕಟ್ಟೆಯ ಮೇಲಿಟ್ಟು, “ನನ್ನ ಪಾಠ ಅದರಾಗ ಅದ ಲೇ ತಮ್ಮಾ,” ಎಂದಳು. ಅಷ್ಟೇ. ಅದನ್ನು ಅಣಕಿಸಲು ನನಗೆ ಇವತ್ತಿಗೂ ಬಂದಿಲ್ಲ.

ಮತ್ತೆ ಶಹಾಬಾದಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಈ ಸಲ ಪ್ರಾಮಾಣಿಕವಾಗಿ ಗುಂಯ್, ಕರ್‌ಕರ್, ಟಕ್ ಎಂದೆ.

“ಪೀಂ ಎಲ್ಲಿ ಹೋತ್ರಿ?”

“ಅದು ರಿಪೇರಿ ಆತ್ರಿ.”

ಅವನು ಸ್ವಲ್ಪ ಯೋಚಿಸಿದ. “ಹಂಗಾದ್ರ ಪವರ್ ನಿಂದ್ರವಲ್ದು. ಕೆಡೋಕಿಂತ ಮದಲ ಅದನ್ನ ಕಡೀಕ ಮುಟ್ಟಿದವರು ಯಾರ್ರಿ?”

“ನಮ್ಮವ್ವ. ಪೂಜಿ ಮಾಡ್ಯಾಳ.”

“ಪೂಜಿ ಅಂದ್ರ ಏನೇನ್ ಮಾಡ್ಯಾರ ಹೇಳ್ರಿ.”

ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಫೋನಿನಲ್ಲಿ ಅವನಿಗೆ ನಾನು ಕಾಣುವುದೂ ಇಲ್ಲ. ಆದರೂ ನಾನು ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಹೆಗಲ ಮೇಲಿನ ಟವೆಲನ್ನು ತಲೆಗೆ ಸೆರಗಿನಂತೆ ಹೊದ್ದು, ತುಟಿಯೊಳಗೇ ಮಣಮಣ ಮಂತ್ರ ಹೇಳಿದೆ. ಮೂರು ಬೆರಳನ್ನು ಇಲ್ಲದ ವಿಭೂತಿಯಲ್ಲಿ ಅದ್ದಿದೆ. ಅವ್ವ ವಿಭೂತಿ ಹಚ್ಚುವ ರೀತಿಯೇ ಬೇರೆ. ಎಡದಿಂದ ಬಲಕ್ಕೆ ಎಳೆದ ಮೇಲೆ ಹಣೆಯ ನಡುವೆ ಬೆರಳಿಟ್ಟು ಒಮ್ಮೆ ಗಟ್ಟಿಯಾಗಿ ಒತ್ತುತ್ತಾಳೆ. ಪರೀಕ್ಷೆಯ ದಿನಗಳಲ್ಲಿ ನಮ್ಮ ತಲೆ ಹಿಂದಿನ ಗೋಡೆಗೆ ಬಡಿಯುವಷ್ಟು. ಅದೇ ಅಳತೆಯಲ್ಲಿ ಪೆಟ್ಟಿಗೆಯ ಹಣೆಗೆ ಒತ್ತಿದೆ.

ನನ್ನ ನಡುಬೆರಳು ನೇರವಾಗಿ ಬಟನ್ ಮೇಲೆ ಬಂತು. ಬಟನ್ ಒಳಗೆ ಹೋಯಿತು. ಬೆರಳು ತೆಗೆದೆ. ಬಟನ್ ಅಲ್ಲೇ ಇತ್ತು. ಗುಂಯ್, ಟಕ್ ಆದ ಎಷ್ಟೋ ಹೊತ್ತಿನ ಮೇಲೆ, ಸರ್ಕಾರಿ ಕಚೇರಿಯ ಗುಮಾಸ್ತ ಕುರ್ಚಿಯಿಂದ ಏಳುವ ಹಾಗೆ, ನಿಧಾನವಾಗಿ ಹೊರಗೆ ಬಂತು. ಸುತ್ತಲಿನ ಸಂದಿಯಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಒಣಗಿತ್ತು.

“ಬಟನ್ ಒಳಗೇ ಕುಂದ್ರಲಾಕತ್ತದ್ರಿ,” ಎಂದಳು ಅಕ್ಕ ಫೋನಿಗೆ.

“ಹಾಂ, ಸಿಕ್ತು ಬಿಡ್ರಿ. ಅದನ್ನ ಒತ್ತಿ ಹಿಡದ್ರ ಮಷೀನ್ ತಾನೇ ಬಂದ್ ಆಗ್ತದ. ನಿಮ್ದು ಒತ್ತಿ ಹಿಡ್ಕೊಂಡೇ ಕುಂತದ.”

“ನಾ ಬ್ರೇಕ್ ಅಂದಿದ್ನಿಲ್ಲೋ?” ಎಂದರು ಕಾಕಾ.

ಎಲ್ಲರೂ ಅವ್ವನ ಕಡೆ ನೋಡಿದೆವು. ಅವ್ವ ಸೆರಗಿನ ಅಂಚನ್ನು ನೋಡುತ್ತಿದ್ದಳು.

“ಪ್ರತಿ ವರ್ಷ ಮ್ಯಾಲ ಮ್ಯಾಲಷ್ಟೇ ಹಚ್ತಿದ್ದೆ,” ಎಂದಳು. “ಈ ಸಲ ಇವಳ ನೌಕರಿ ಅದರಾಗೇ ಅದ ಅಂತ, ನೀರಾಗ ಕಲಸಿ ಜರಾ ದಪ್ಪ ಹಚ್ಚಿದೆ.”

ಅಪ್ಪ ಒಳಗಿನಿಂದ, “ವಿಭೂತಿನೂ ಧೂಳೇ,” ಎಂದರು.

ನಾನು ಅವ್ವನ ಬಳೆಗೆ ಸಿಕ್ಕಿಸಿದ ಪಿನ್ನು ಕೇಳಿದೆ. ಕೊಡಲಿಲ್ಲ. ದೇವರ ಹೆಸರಿನಲ್ಲಿ ಹಚ್ಚಿದ್ದನ್ನು ಪಿನ್ನಿನಿಂದ ಕೆರೆಯಬಾರದಂತೆ. ವಾಯರ್ ಕೀಳಿಸಿ, ದೀಪಕ್ಕೆಂದು ಹೊಸೆದಿಟ್ಟ ಹತ್ತಿಯ ಬತ್ತಿಯನ್ನು ತುಸುವೇ ಒದ್ದೆ ಮಾಡಿ, ತಾನೇ ಮುಂದೆ ಕುಳಿತಳು. ನಮ್ಮ ಕಿವಿ ಸ್ವಚ್ಛ ಮಾಡುತ್ತಿದ್ದ ಅದೇ ಗಾಂಭೀರ್ಯದಲ್ಲಿ ಬಟನ್ ಸುತ್ತ ಬತ್ತಿ ತಿರುಗಿಸಿದಳು. ಒಂದಾದ ಮೇಲೊಂದು ಬತ್ತಿ ಬೆಳ್ಳಗಾದವು. ಅಕ್ಕ ಪಕ್ಕದಲ್ಲಿ ಪೆನ್‌ಡ್ರೈವ್ ಹಿಡಿದುಕೊಂಡು ನಿಂತೇ ಇದ್ದಳು.

ಒಣಗಿದ ಮೇಲೆ ಅಕ್ಕ ಬಟನ್ ಒತ್ತಿದಳು. ಅದು ಒಳಗೆ ಹೋಗಿ, ಟಿಕ್ ಎಂದು ತಕ್ಷಣ ಹೊರಗೆ ಬಂತು. ಗುಂಯ್ ಎಂದಿತು. ಕರ್‌ಕರ್ ಎಂದಿತು. ಪರದೆ ಕಣ್ಣು ಬಿಟ್ಟಿತು. ಸ್ಲೈಡುಗಳೆಲ್ಲ ಇದ್ದ ಹಾಗೇ ಇದ್ದವು. ಅಕ್ಕ ಅವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಅದನ್ನು ಅವ್ವನ ಕೈಗೆ ಸಿಗದಂತೆ ಚೀಲದ ಒಳಜೇಬಿಗೆ ಸೇರಿಸಿದಳು.

ಮರುದಿನ ಚಿಂಚೋಳಿಯಲ್ಲಿ ಮಕ್ಕಳಿಗೆ ರಜೆ ಇದ್ದುದರಿಂದ ಆಡಳಿತ ಮಂಡಳಿಯ ಹಿರಿಯರೇ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಚಿ ಕುಳಿತಿದ್ದರಂತೆ. ಸ್ಲೈಡಿನಲ್ಲಿ ಬಲ್ಬು ಹತ್ತಿಸಿ ತೋರಿಸಿದ ಮೇಲೆ ಒಬ್ಬರು, “ಕರೆಂಟ್ ಅದ, ವಾಯರ್ ಚಲೋ ಅದ, ಆದ್ರೂ ಹತ್ತಿ ಹತ್ತಿ ಆರ್ತದ. ಯಾಕ ಟೀಚರ್?” ಎಂದು ಕೇಳಿದರಂತೆ. ಅಕ್ಕ ವಿಭೂತಿಯ ಕತೆ ಹೇಳಿದಳಂತೆ. ಬರೀ ಹೇಳಲಿಲ್ಲ, ಅವ್ವನ ಹಾಗೆ ಮಾಡಿಯೂ ತೋರಿಸಿದಳಂತೆ. ನಗು ನಿಂತ ಮೇಲೆ, ರಜೆ ಮುಗಿದ ಕೂಡಲೇ ಕೆಲಸಕ್ಕೆ ಬರಲು ಹೇಳಿದರು.

ಇಷ್ಟನ್ನೂ ಅವಳು ಸಂಜೆ, ಚಾಲು ಇದ್ದ ಕಂಪ್ಯೂಟರಿನ ಪಕ್ಕದಲ್ಲಿ ನಿಂತು ನಮಗೆ ಹೇಳಿದಳು. ನಾನು ಕೆಲಸದ ವಿಷಯ ಬಿಟ್ಟು, “ಹೆಂಗ ಮಾಡ್ದಿ, ಮಾಡಿ ತೋರಿಸು” ಎಂದೆ. ಮಾಡಿದಳು. ಭಾಳ ಕೆಟ್ಟದಾಗಿತ್ತು. ಮೂರು ಬೆರಳಿನ ಜಾಗದಲ್ಲಿ ನಾಲ್ಕು, ತುಟಿಯಲ್ಲಿ ಮಣಮಣವೇ ಇಲ್ಲ. ಇಷ್ಟಕ್ಕೆ ನೌಕರಿ ಕೊಡುತ್ತಾರೆಂದರೆ ನನ್ನನ್ನು ಹೆಡ್‌ಮಾಸ್ತರ್ ಮಾಡಬೇಕಿತ್ತು.

“ನೀವಿಬ್ಬರೂ ಮಾಡಿದಂಗ ನಾ ಒತ್ತಂಗಿಲ್ಲ,” ಎಂದಳು ಅವ್ವ ಅಡುಗೆಮನೆಯ ಬಾಗಿಲಿನಿಂದ. ಕೈ ಒರೆಸಿಕೊಂಡು ಬಂದು, ಸರಿಯಾದ ರೀತಿ ಯಾವುದೆಂದು ಕಂಪ್ಯೂಟರಿನ ಹಣೆಯ ಮೇಲೆ ಒತ್ತಿ ತೋರಿಸಿದಳು. ತನಗೆ ಸಮಾಧಾನ ಆಗುವವರೆಗೂ ಬೆರಳು ತೆಗೆಯಲಿಲ್ಲ.

ಪರದೆ ಆರಿತು. ಬಟನ್ ಮಾತ್ರ ತಕ್ಷಣ ಹೊರಗೆ ಬಂತು.