ಏಳು ಕೋಟು ವಾರ್ನಿಷಿನ ರಾಮದಾಸರು

ನೀರು ಕಾಣದ ಮೀನು ಸಾಕಿದವರನ್ನು ಯಾರಾದರೂ ನೋಡಬೇಕೆಂದರೆ ಆಲುವದಲ್ಲಿ ನನ್ನ ಎದುರು ಮನೆಯ ರಾಮದಾಸರನ್ನು ತೋರಿಸುತ್ತೇನೆ. ಕಾಸರಗೋಡು ಕಡೆಯ ಕಟ್ಟಾ ಸಸ್ಯಾಹಾರಿ. ತಿರುವನಂತಪುರದ ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಯಿದೆಗಳ ಕರಡು ತಿದ್ದಿ ನಿವೃತ್ತರಾದವರು. ಬೆಳ್ಳುಳ್ಳಿ ವಾಸನೆಗೂ ಮೂಗು ಮುಚ್ಚುವ ಈ ಮನುಷ್ಯ ಆರು ವರ್ಷದಿಂದ ಮನೆಯಲ್ಲಿ ಕೂತು ಮಾಡುತ್ತಿರುವುದು ಏನು ಗೊತ್ತೆ? ಗಾಳಕ್ಕೆ ಕಟ್ಟುವ ಮರದ ಮೀನು. ನಿಜವಾದ ಮೀನಿಗೆ ಟೋಪಿ ಹಾಕುವ ಸುಳ್ಳು ಮೀನು.

ಕೆಲಸ ಮಾತ್ರ ಅಚ್ಚುಕಟ್ಟು, ಒಪ್ಪಲೇಬೇಕು. ಮರದ ಮಿಲ್ಲಿನಿಂದ ಶಿವನಿ ಮರದ ತುಂಡು ತಂದು, ಚಾಕುವಿನಲ್ಲಿ ಕೆತ್ತಿ, ಹೊಟ್ಟೆ ಕೊರೆದು ಸೀಸ ತುಂಬಿ, ಗದ್ದಕ್ಕೆ ಪ್ಲಾಸ್ಟಿಕ್ಕಿನ ನಾಲಗೆ ಸಿಕ್ಕಿಸುತ್ತಾರೆ. ಹಳೆಯ ಸೊಳ್ಳೆಪರದೆಯ ಚೂರು ಸುತ್ತಿ ಬಣ್ಣ ಸಿಂಪಡಿಸಿದರೆ ಹುರುಪೆ ಮೂಡುತ್ತದೆ. ಕಣ್ಣಿಗೆ ಹೆಂಡತಿ ಕುಸುಮಾವತಿಯಮ್ಮನ ಬಿಂದಿ. ಕೊನೆಗೆ ಏಳು ಕೋಟು ವಾರ್ನಿಷ್, ಒಂದೊಂದು ಕೋಟು ಒಣಗಿದ ಮೇಲೂ ಸ್ಯಾಂಡ್ ಪೇಪರಿನಿಂದ ತಿಕ್ಕುವುದು. ಆರಕ್ಕೇ ನಿಲ್ಲಿಸಿದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ. "ತಿದ್ದದ ಕರಡಿಗೆ ಸಹಿ ಹಾಕಿದ ಹಾಗಾಗ್ತದೆ ಶೆಟ್ರೇ" ಅಂದರು.

ಇಷ್ಟೆಲ್ಲ ಮಾಡಿದ ಮೀನು ಈಜುವುದು ಬಚ್ಚಲಿನ ಬಕೆಟ್ಟಿನಲ್ಲಿ. ಮೀನು ತಾಗಿದ ವಸ್ತು ಹೊಸ್ತಿಲು ದಾಟಕೂಡದು ಎಂಬುದು ಕುಸುಮಾವತಿಯಮ್ಮನ ಕಾಯಿದೆ. ಗೀರು ಬೀಳುತ್ತದೆಂಬ ಭಯ ರಾಮದಾಸರದ್ದು. ಹೀಗಾಗಿ ಎಪ್ಪತ್ತು ಮೀನುಗಳು ಶೋಕೇಸಿನ ಗಾಜಿನೊಳಗೆ ಹೊಳೆಯುತ್ತಾ ಕೂತಿದ್ದವು.

ಅವರ ಮಗಳು ಕೃಪಾ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ, ತಿಂಗಳಿಗೊಮ್ಮೆ ಬರುತ್ತಾಳೆ. ಕನ್ನಡ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ. ಚಪ್ಪಲಿ ಬಿಡುವ ಮೊದಲೇ, "ಅಪ್ಪಾ, ಮೀನ್ ಕಡಿಚ್ಚೋ?" ಎನ್ನುತ್ತಾಳೆ, ಮೀನು ಕಚ್ಚಿತೋ ಎಂದು. "ಇಲ್ಲ ಮಗಾ" ಎನ್ನುತ್ತಾರೆ ರಾಮದಾಸರು. ಅವಳು ನಗುತ್ತಾಳೆ, ಅವಳಿಗಿಂತ ಜೋರಾಗಿ ನಾನು ನಗುತ್ತೇನೆ. ಮಗಳೆದುರು ಒಂದೇ ಒಂದು ಸಲ ಹೌದು ಎನ್ನಬೇಕೆಂಬ ಆಸೆ ಆ ಮನುಷ್ಯನನ್ನು ಒಳಗೊಳಗೇ ತಿನ್ನುತ್ತಿತ್ತು. ಅದು ಗೊತ್ತಿದ್ದೂ ನಗುತ್ತಿದ್ದೆ.

ನಾನು ಕುಂದಾಪುರದವನು, ಬ್ಯಾಂಕಿನ ಕೆಲಸ, ಮೀನಿಲ್ಲದಿದ್ದರೆ ಅನ್ನ ಇಳಿಯದು. ಒಂದು ಶನಿವಾರ ಗಾಳ ಹಿಡಿದು ಹೊರಟವನು ಅವರನ್ನು ಕೆಣಕಿದೆ. "ಎಪ್ಪತ್ತನ್ನೂ ಇಟ್ಕೊಂಡು ಎಂತ ಉಪ್ಪಿನಕಾಯಿ ಹಾಕ್ತೀರಾ ಮಾರಾಯ್ರೇ? ಒಂದನ್ನಾದ್ರೂ ನೀರಿಗೆ ಬಿಡಿ." ಏನನ್ನಿಸಿತೋ, ಹಸಿರು ಬೆನ್ನಿನ ಹತ್ತಾರರಲ್ಲಿ ಒಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದೇಬಿಟ್ಟರು.

ವಲ್ಲಾರ್ಪಾಡಂನ ಹಿನ್ನೀರಿನ ದಡದಲ್ಲಿ ನಿಂತು, ಅದನ್ನು ನನ್ನ ಗಾಳಕ್ಕೆ ಕಟ್ಟಿ ಎಸೆದೆ. ಮೂರನೆಯ ಎಸೆತಕ್ಕೆ ಗಾಳದ ಕೋಲು ಬಾಗಿತು. ಚೆಂಬಲ್ಲಿ, ಕೋರೆಹಲ್ಲಿನ ಕೆಂಪು ಮೀನು! ರಾಮದಾಸರು ಜೇಬಿನಿಂದ ಫೋನು ತೆಗೆಯುವಷ್ಟರಲ್ಲಿ ಅದು ದಡದ ಕಲ್ಲಿಗೆ ಬಡಿದು ಕೊಡವಿಕೊಂಡು ಹೋಯಿತು. ಮರದ ಮೀನಿನ ಬೆನ್ನಲ್ಲಿ ನಾಲ್ಕು ಹಲ್ಲಿನ ಗುರುತು, ಏಳೂ ಕೋಟು ಸೀಳಿ ಮರದವರೆಗೆ. ಗೀರಿಗಾಗಿ ಅಳುತ್ತಾರೆಂದುಕೊಂಡೆ. ನಾಲ್ಕನ್ನೂ ಒಂದೊಂದಾಗಿ ಮುಟ್ಟಿ, "ಕಚ್ಚಿತು ಶೆಟ್ರೇ" ಅಂದರು. ಕಣ್ಣು ಒದ್ದೆಯಾಗಿತ್ತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ?

"ಕೃಪಾಗೆ ಈ ಹಲ್ಲಿನ ಗುರುತಿನ ಫೋಟೊ ಕಳಿಸಿ" ಎಂದೆ.

"ಫೋಟೊ ಯಾರು ಬೇಕಾದ್ರೂ ಮಾಡ್ತಾರೆ. ಮುಂದಿನ ಆದಿತ್ಯವಾರ ಬರ್ತಾಳಲ್ಲ, ಕೈಯಲ್ಲೇ ಕೊಡ್ತೇನೆ. ಸಾಕ್ಷಿ ಅಂದ್ರೆ ವಸ್ತುವೇ ಇರ್ಬೇಕು."

ಮನೆ ಬಾಗಿಲಲ್ಲಿ ಕುಸುಮಾವತಿಯಮ್ಮ ಅಡ್ಡ ನಿಂತರು. "ಮೀನು ತಾಗಿದ್ದಲ್ವಾ? ಒಳಗೆ ಬೇಡ." ಗಂಡನ ಮುಖ ಬಾಡಿದ್ದು ಕಂಡು ಅವರೇ ಒಂದು ದಾರಿ ಹೇಳಿದರು. "ಮೈಲಿಗೆಯಾದ ಪಾತ್ರೆಗೆ ಕಲಾಯಿ ಹಾಕಿದ್ರೆ ಶುದ್ಧ ಆಗುದಿಲ್ವಾ? ಹಾಗೇ ಮಾಡಿ. ಮೇಲಿಂದು ಪೂರಾ ತಿಕ್ಕಿ ತೆಗೆದು ಹೊಸ ಬಣ್ಣ ಹಾಕಿ. ಮತ್ತೆ ಬರ್ಲಿ ಒಳಗೆ."

ನಿಯಮಕ್ಕೊಂದು ವಿನಾಯಿತಿ ಸಿಕ್ಕರೆ ರಾಮದಾಸರಿಗೆ ಸ್ವರ್ಗವೇ ಸಿಕ್ಕಂತೆ. "ಇದು ಕ್ರಮ" ಎಂದು ಜಗಲಿಯಲ್ಲೇ ಸ್ಯಾಂಡ್ ಪೇಪರ್ ಹಿಡಿದು ಕೂತರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಟ್ಟಿದ್ದರು, ವರ ಬೇಡಿದವರೇ ಅದನ್ನು ತಿಕ್ಕಿ ಅಳಿಸಲು ಕೂತಿದ್ದರು. ಗೀರು ಕಂಡರೆ ತುಂಬುವುದು ಆ ಕೈಯ ಚಾಳಿ, ಅದು ತಲೆಯನ್ನು ಕೇಳುವುದಿಲ್ಲ. ನಾನಾದರೂ ಕಸಿದುಕೊಳ್ಳಬೇಕಿತ್ತು. ನಗುತ್ತಾ ಮನೆಗೆ ಬಂದೆ.

ಆದಿತ್ಯವಾರ ಕೃಪಾ ಬಂದಳು. "ಅಪ್ಪಾ, ಮೀನ್ ಕಡಿಚ್ಚೋ?"

"ಕಚ್ಚಿತು ಮಗಾ!" ರಾಮದಾಸರು ಹಸಿರು ಮೀನನ್ನು ಅವಳ ಅಂಗೈಯಲ್ಲಿಟ್ಟು, "ಇಲ್ಲಿ ನೋಡು" ಎಂದು ಅವಳ ಬೆರಳು ಹಿಡಿದು ಬೆನ್ನಿನ ಮೇಲೆ ಆಡಿಸಿದರು. ಬೆರಳು ನುಣ್ಣಗೆ ಜಾರಿತು. ಇನ್ನೊಮ್ಮೆ ಆಡಿಸಿದರು. ಆಗ ಹೊಳೆಯಿತು ಅವರಿಗೆ, ತಾನೇನು ಮಾಡಿಕೊಂಡೆ ಎಂದು.

ನನಗೆ ತಡೆಯಲಾಗಲಿಲ್ಲ. "ನಾನೇ ಕಣ್ಣಾರೆ ಕಂಡಿದ್ದೇನೆ ಕೃಪಾ. ದೇವರಾಣೆ, ಚೆಂಬಲ್ಲಿ ಕಚ್ಚಿತ್ತು. ನಾಲ್ಕು ಹಲ್ಲು ಮೂಡಿತ್ತು."

"ಮತಿ ಅಂಕಲ್, ಮತಿ!" ಸಾಕು ಸಾಕು ಎನ್ನುತ್ತಾ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ತಪ್ಪಿಲ್ಲ. ಹೋದ ಓಣಕ್ಕೆ, ನಿನ್ನ ಅಪ್ಪನ ಮೀನನ್ನು ಕಂಡು ಹೊಳೆಯ ಮೀನುಗಳೆಲ್ಲ ಕೈಮುಗಿದು ಹೋದವು ಎಂದು ಅವಳನ್ನು ನಗಿಸಿದವನು ನಾನೇ. ಆರು ವರ್ಷ ಗೇಲಿ ಮಾಡಿದ ಬಾಯಿ ಬೇಕಾದ ದಿನ ಸಾಕ್ಷಿಗೆ ಬರಲಿಲ್ಲ.

ರಾಮದಾಸರು ನನ್ನ ಕಡೆ ನೋಡಲಿಲ್ಲ. ಮಗಳ ಕೈಯಿಂದ ಮೀನನ್ನು ತೆಗೆದುಕೊಂಡು, ಅಂಗಿಯ ಚುಂಗಿನಿಂದ ಒರೆಸಿ, ಶೋಕೇಸಿನ ಸಾಲಿನಲ್ಲಿಟ್ಟು ಗಾಜು ಸರಿಸಿದರು. ಆಮೇಲೆ ಎಷ್ಟೋ ಸಲ ಆ ಗಾಜಿನ ಮುಂದೆ ನಿಂತು ಹುಡುಕಿದ್ದೇನೆ. ಕಚ್ಚಿಸಿಕೊಂಡದ್ದು ಯಾವುದೆಂದು ನನಗೂ ಗೊತ್ತಾಗುವುದಿಲ್ಲ.