ಭಾವನವರ ರೇಡಿಯೋ, ನಮ್ಮ ಬಚ್ಚಲ ಮಣ್ಣು

ಕುಕನೂರಿನ ನಮ್ಮ ಮನೆಗೆ ರೇಡಿಯೋ ಬಂದದ್ದು ಯುದ್ಧದ ಕಾಲದಲ್ಲಿ. ಊರಿಗೆ ಕರೆಂಟು ಇರಲಿಲ್ಲ. ಬ್ಯಾಟರಿಯ ಮೇಲೆ ನಡೆಯುವಂಥದು. ತಂದವರು ನನ್ನ ಗಂಡನ ಅಣ್ಣ. ಸುದ್ದಿ ಕೇಳುವುದಕ್ಕೆಂದು ಹೇಳಿದರು. ಸರ್ಕಾರಿ ಸಾಹೇಬರೊಬ್ಬರು ನಮ್ಮ ಪಡಸಾಲೆಗೆ ಬಂದು ಕೂರಲಿ ಎಂಬುದೇ ನಿಜವಾದ ಆಸೆ.

ಅದನ್ನು ಕೂಡಿಸಲು ಗದಗಿನಿಂದ ಬಂದವನು ಮಾಳಿಗೆಯ ಮೇಲೆ ಬಿದಿರು ನೆಟ್ಟು ತಂತಿ ಎಳೆದ. ಇನ್ನೊಂದು ತಂತಿಯನ್ನು ಸದಾ ಹಸಿ ಇರುವ ನೆಲದಲ್ಲಿ ಹೂಳಬೇಕೆಂದ.

"ಬಚ್ಚಲ ನೀರು ಹೋಗೋ ಜಾಗಾ ಛಲೋ ಐತ್ರಿ. ನೆಲಾ ಹಸಿ ಇದ್ರನ ರೇಡಿಯೋ ಸ್ವಚ್ಛ ಮಾತಾಡ್ತೈತಿ. ಗುಡುಗಿದ್ರ ಎರಡೂ ತಂತಿ ಕೂಡಿಸಿಬಿಡ್ರಿ. ಸಿಡಿಲು ಹೊರಗಿಂದ ಹೊರಗ ನೆಲಕ್ಕ ಹೋಗ್ತೈತಿ."

ಭಾವನವರು ಮುಖ ಕಿವುಚಿದರು. "ಸಾಹೇಬ್ರು ಕೇಳೋ ರೇಡಿಯೋಕ್ಕ ಬಚ್ಚಲ ರಾಡಿ? ಛೀ!"

ಅವನನ್ನು ಕಳಿಸಿ, ಪಡಸಾಲೆಯ ಮೂಲೆಯಲ್ಲೇ ಕುಣಿ ತೋಡಿಸಿ ತಂತಿ ಹೂಳಿಸಿದರು. ಕಲ್ಲಿನಂಥ ಒಣ ನೆಲ. ಪಕ್ಕದಲ್ಲೇ ನನ್ನ ಕೂಸಿನ ತೊಟ್ಟಿಲು. ತಂತಿ ಅದರ ಹಗ್ಗಕ್ಕೆ ತಾಗಿಕೊಂಡೇ ಇಳಿದಿತ್ತು.

ಭಾವನೆದುರು ನಾನು ಬಾಯಿ ಬಿಡುವಂತಿರಲಿಲ್ಲ. ಅವರಿಗೆ ಕೇಳುವಂತೆ ಅತ್ತೆಗೆ ಹೇಳಿದೆ: "ಅತ್ತಿ, ಆ ತಂತಿ ಹಿತ್ತಲಕ್ಕ ಒಯ್ಯಾಕ ಹೇಳ್ರಿ. ಕೂಸು ಮಲಗೋ ಜಾಗಾ ಇದು."

ಅವರೂ ಅತ್ತೆಗೇ ಉತ್ತರ ಕೊಟ್ಟರು: "ಯವ್ವಾ, ಒಲಿ ಊದೋರಿಗೆ ರೇಡಿಯೋದ್ದು ಏನ್ ತಿಳೀತೈತಿ, ಕೇಳು."

ರೇಡಿಯೋ ಗರಗರ ಅನ್ನುವುದರ ಹೊರತು ಮಾತಾಡಲಿಲ್ಲ. ಸಾಹೇಬರು ಎಲ್ಲ ತಿಳಿದವರಂತೆ ತಲೆಯಾಡಿಸುತ್ತ ನಮ್ಮ ಚಹಾ ಕುಡಿದು ಹೋಗುತ್ತಿದ್ದರು.

ಮುಂಗಾರಿನ ಒಂದು ಸಂಜೆ ಯಲಬುರ್ಗಾ ಕಡೆ ಮೋಡ ಕಪ್ಪಾಗಿ ಗುಡುಗತೊಡಗಿತು. ಸಾಹೇಬರು ಕುಳಿತಿದ್ದಾರೆ, ಸುದ್ದಿಯ ಹೊತ್ತು. ರೇಡಿಯೋ ನಿಲ್ಲಿಸಿ ತಂತಿ ಕೂಡಿಸುವವರು ಯಾರು? ನಾನು ಕೂಸನ್ನೆತ್ತಿಕೊಂಡು ಅಡುಗೆಮನೆಗೆ ನಡೆದೆ. ಅತ್ತೆ ಬೈಯಲಿಲ್ಲ, ಅದೊಂದು ಶಿವನ ದಯೆ.

"ಗುಡುಗಿಗೆ ಅಂಜಿ ಓಡ್ಯಾಳ ನೋಡ್ರಿ" ಎಂದು ಭಾವ ನಕ್ಕರು. ಆ ನಗು ಮುಗಿಯುವ ಮೊದಲೇ ಸಿಡಿಲು ಹೊಡೆಯಿತು.

ಹೊಗೆ ತಿಳಿಯಾದಾಗ ರೇಡಿಯೋ ಕರಿಕಟ್ಟಿಗೆ. ಹಗ್ಗ ಸುಟ್ಟು ತೊಟ್ಟಿಲು ಬೋರಲಾಗಿ ಬಿದ್ದಿತ್ತು. ಸಾಹೇಬರಿಗೆ ಪೆಟ್ಟಾಗಲಿಲ್ಲ, ಅದು ಇನ್ನೊಂದು ದಯೆ. ಚಪ್ಪಲಿ ಬಿಟ್ಟು ಮಳೆಯಲ್ಲೇ ಓಡಿದ್ದರು. ಭಾವನವರು ಮೊದಲು ಮುಟ್ಟಿ ನೋಡಿದ್ದು ತೊಟ್ಟಿಲನ್ನಲ್ಲ, ರೇಡಿಯೋವನ್ನು.

ಎರಡನೆಯ ರೇಡಿಯೋ ಬಂದಾಗ ನೆಲದ ತಂತಿ ಸದ್ದಿಲ್ಲದೆ ಹೊರಗೋಡೆ ಹಿಡಿದು ಬಚ್ಚಲ ಹಿಂದಕ್ಕೆ ಹೋಯಿತು. "ಹಸೀ ನೆಲಾನ ಬೇಕ್ರಿ. ಇದನ್ನ ನಾನ ಕಂಡು ಹಿಡದೇನಿ" ಎಂದು ಭಾವ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಒಳಗೆ ಬಚ್ಚಲಲ್ಲಿ ಮಗಳಿಗೆ ನೀರು ಎರೆಯುತ್ತಿದ್ದೆ. ಅವಳ ಮೈ ತೊಳೆದ ನೀರು ಹರಿದು ಆ ತಂತಿಯ ಬುಡಕ್ಕೇ ಸೇರುತ್ತಿತ್ತು. ಪಡಸಾಲೆಯಲ್ಲಿ ಅವರ ರೇಡಿಯೋ ಸ್ವಚ್ಛವಾಗಿ ಮಾತಾಡುತ್ತಿತ್ತು.